ಪ್ರಿಂಟರ್ ತಗೊಳ್ಳೂಮುಂದ

ಪುಣೆಯ ತಾಪಕೀರ್ ಗಲ್ಲಿಯೊಳಗ ನಿಂತೀನಿ.
ತಲಿಮ್ಯಾಲೆ ವಾಯರಿನ ಜಾಳಿಗಿ, ಕಾಲಾಗ ಥರ್ಮಾಕೋಲಿನ ಚೂರು.
ಅಂಗಡಿ ಹುಡುಗ ಮೂರು ಡಬ್ಬಿ ಬಿಚ್ಚಿ ಇಟ್ಟ.
"ಆಫೀಸಿಗೇನ ಮಾವಶಿ? ಮೊಮ್ಮಗನ ಪ್ರಾಜೆಕ್ಟಿಗೇನ?"
"ಫೋಟೋ ತಗ್ಯಾಕ" ಅಂದೆ. "ಮನ್ಯಾಗ."

ಮೊದಲನೇದು ಮೂರೂವರಿ ಸಾವಿರ. ಹಗೂರ, ಅಗ್ಗ.
ಶಾಯಿ ಡಬ್ಬಿ ಎಷ್ಟಪಾ ಅಂದ್ರ ಮಾರಿ ಆಕಡೆ ಮಾಡಿದ.
ಎರಡು ಸಲ ಶಾಯಿ ಹಾಕಿದರ ಹೊಸಾ ಯಂತ್ರದ ರೊಕ್ಕ!
ಎಮ್ಮಿ ಪುಕ್ಕಟ ಕೊಟ್ಟು
ಹುಲ್ಲಿಗೆ ಹೊಲಾ ಬರಸಗೊಳ್ಳೋ ವ್ಯವಹಾರ.
ನಾ ಜತ್ತದಾಕಿ ತಮ್ಮಾ, ಇಂಥಾವು ನೋಡೀನಿ.

ಎರಡನೇದು ರೊಟ್ಟಿ ಡಬ್ಬಿಯಷ್ಟ.
ಶಾಯಿನ ಬ್ಯಾಡಂತ, ಬಿಸಿಗೆ ಬಣ್ಣ ತಾವ ಹಾಳಿಗೆ ಇಳಿತಾವಂತ.
ಚಂದ ಐತಿ. ಒಂದು ಫೋಟೋಕ್ಕ ಇಪ್ಪತ್ತೆರಡು ರೂಪಾಯಿ.
ಕೂಸಿಗೆ ಎಣ್ಣಿ ತಿಕ್ಕಿ, ಎರದು, ಹೊಗಿ ಹಾಕಿ
ತೊಟ್ಟಿಲಿಗೆ ಮಲಗಿಸಿದರ ನನಗ ಎರಡನೂರು.
ಬೆರಳಿನ ಗೆರಿಮ್ಯಾಲೆ ಲೆಕ್ಕಾ ಮಾಡೂಣಂದ್ರ
ಗೆರಿ ಎಲ್ಲಿ ಅದಾವು?
ಇಪ್ಪತ್ತು ವರ್ಷದ ಎಣ್ಯಾಗ ಸವದು ಹೋಗ್ಯಾವು.
ಫೋನ್ ಸೈತ ನನ್ನ ಹೆಬ್ಬಟ್ಟು ಒಲ್ಲೆ ಅಂತೈತಿ.

ಮೂರನೇದು ಹನ್ನೊಂದು ಸಾವಿರ.
ಹೊಟ್ಯಾಗ ನಾಕು ಬಾಟಲಿ, ಮ್ಯಾಲಿಂದ ಶಾಯಿ ಸುರುವೂದು,
ಬಜಿ ತೇದು ಕುಡಿಸಿಧಂಗ.

"ಹೊಡದು ತೋರಸು" ಅಂದೆ.
ಕೋಥರೂಡಿನ ಸಾನೇರ ಮನೀ ಕೂಸಿನ ಫೋಟೋ ಕೊಟ್ಟೆ.
ಅಗ್ಗದ್ದು ಕೂಸನ್ನ ಬೆಳ್ಳಗ ಮಾಡಿತು, ಗಲ್ಲಕ್ಕ ಗುಲಾಬಿ.
"ನೋಡ್ರಿ, ಎಷ್ಟ ಗೋರಾ ಬಂತು!"
ನಾ ಎರದ ಕೂಸಲ್ಲ ಅದು.
ನಾ ಎರದಿದ್ದು ಹುರದ ಗೋಧಿ ಬಣ್ಣದ್ದು,
ಕಿವಿ ಅಂಚು ಇನ್ನೂ ಒಂದೀಟ ಕಪ್ಪು.
ಮುಂದ ಆಗೋ ಬಣ್ಣ ಕಿವಿ ಮೊದಲ ಹೇಳತೈತಿ.
ಮೂರನೇ ಯಂತ್ರ ಆ ಅಂಚು ಬಿಡಲಿಲ್ಲ.
ಹಣಿಮ್ಯಾಗಿನ ಕಾಡಿಗಿ ಬೊಟ್ಟು, ನಾನ ಹಚ್ಚಿದ್ದು, ಸೊಟ್ಟ ಆಗಿದ್ದು,
ಸೊಟ್ಟನ ಬಂತು.
"ಇದ ಇರಲಿ."
ಚೀಟಿ ರೊಕ್ಕ ಎಣಿಸಿ ಕೊಟ್ಟೆ. ಉಳದದ್ದು ಆರು ಕಂತು.

"ಒಂದು ಮಾತು ಮಾವಶಿ" ಅಂದ, ಡಬ್ಬಿಗೆ ಸುತ್ತಲಿ ಕಟಗೋತ.
"ವಾರಕ್ಕೊಂದರ ತಗೀತಿರ್ರಿ. ಸುಮ್ನ ಇಟ್ಟರ ಅದರ ಮೂಗು ಕಟ್ಟತೈತಿ."
ಮೂಗು ಕಟ್ಟೂದರ ಸುದ್ದಿ
ನನಗ ಹೇಳತಾನ.

ಬಿಬವೇವಾಡಿಗೆ ರಿಕ್ಷಾದಾಗ ತೊಡಿಮ್ಯಾಲೆ ಇಟಗೊಂಡು ಬಂದೆ.
ಸೊಸಿ ನೋಡಿ ನಿಂತಳು.
"ಓಣ್ಯಾಗ ಸ್ಟುಡಿಯೋ ಐತಲ್ಲ ಅತ್ತಿ, ಹತ್ತು ರೂಪಾಯಿಗೊಂದು.
ಹಾಸಿಗಿ ಹಾಸಾಕ ಜಾಗಾ ಇಲ್ಲ, ಇದೆಲ್ಲಿ ಇಡೂದು?"

ಸ್ಟುಡಿಯೋ ಹುಡುಗ ಒಳ್ಳೇಂವ, ಮಾತಗಾರ.
ಪ್ರತಿ ಕೂಸನ್ನೂ ಪರದೆಮ್ಯಾಲೆ ದೊಡ್ಡದು ಮಾಡಿ ಕೇಳತಾನ,
"ಈಗ ಎಷ್ಟ ದೊಡ್ಡದಾತು ಮಾವಶಿ? ನಡೀತೈತೇನ?"

ಬಾಣೇರದ ಒಂಬತ್ತನೇ ಮಾಳಿಗಿ ಕೂಸು
ಹನ್ನೊಂದು ದಿನ ಇತ್ತು.
ಅದರ ಅವ್ವ ಮೊನ್ನೆ ಫೋನ್ ಮಾಡಿದ್ಳು.
ಮನಿಮಂದಿ ಎಲ್ಲಾ ಫೋಟೋ ಅಳಿಸ್ಯಾರಂತ, ಆಕಿ ಒಳ್ಳೇದಕ್ಕಂತ.
"ಲಗಮಾ ಮಾವಶಿ, ನಿಮ್ಮ ಕಡೆ ಒಂದರ...?"
ಮುಂದ ಕೇಳಲಿಲ್ಲ ಆಕಿ.

ನನ್ನ ಕಡೆ ಎರಡು ಅದಾವು.
ಒಂದರಾಗ ಆಕಳಿಸತೈತಿ.
ಇನ್ನೊಂದು ಕೈ ತಪ್ಪಿ ತಗದದ್ದು:
ನನ್ನ ಮೊಣಕಾಲು, ತಂಬಿಗಿ,
ನಡುವ ಒಂದು ಅಂಗಾಲು.

ಎಲ್ಲಾರೂ ಮಕ್ಕೊಂಡ ಮ್ಯಾಲೆ ಯಂತ್ರ ಹಚ್ಚಿದೆ.
ಗುರುಗುಟ್ಟಿತು. ಹಾಳಿ ಒಳಗ ಎಳಕೊಂತು. ತಡದು ನಿಂತಿತು.
ಆಮ್ಯಾಲೆ ಒಂದೊಂದ ಎಳಿ, ಒಂದೊಂದ ಎಳಿ,
ತಲಿ ಮೊದಲು ಬಂತು.

ಐದು ಮಿನಿಟು ಮುಟ್ಟಬ್ಯಾಡ್ರಿ, ಹಸಿ ಇರತೈತಿ,
ಅಂದಿದ್ದ ಅಂಗಡಿ ಹುಡುಗ.
ಎರಡೂ ಕೈ ಬೆನ್ನ ಹಿಂದ ಕಟಗೊಂಡು
ನಿಂತೆ.